ದೇವರ ಹತ್ತಿರ ದಾರಿ ಕೇಳುವುದು ಹೇಗೆ?

ಕೆಲಸ ಬಿಡಲಾ ಬೇಡವಾ, ಈ ಸಂಬಂಧಕ್ಕೆ ಹೂಂ ಅನ್ನಲಾ, ತಮ್ಮನಿಗೆ ಮತ್ತೆ ಸಾಲ ಕೊಡಲಾ. ಇಂಥದ್ದೊಂದು ತಲೆಯಲ್ಲಿ ಕೂತರೆ ನಿದ್ದೆ ಹತ್ತಲ್ಲ ಅಲ್ವಾ? ನಾನು ಆಗ ದೇವರ ಮುಂದೆ ಕೂರುತ್ತೇನೆ. ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಹಾಗಾಗಿ ಹೇಗೆ ಕೂರುವುದು, ಏನು ಕೇಳುವುದು ಅಂತ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ. "ಎಲ್ಲಾ ಒಳ್ಳೇದು ಮಾಡಪ್ಪಾ" ಅಂದರೆ ಪ್ರಾರ್ಥನೆ ಹೌದು, ಆದರೆ ದಾರಿ ಕೇಳಿದ ಹಾಗಾಗಲಿಲ್ಲ. ಒಂದು ಚೀಟಿ ತಗೊಂಡು ಒಂದೇ ಸಾಲಲ್ಲಿ ಬರೆಯಿರಿ. ನಾನು ಒಮ್ಮೆ "ಊರಿನ ತೋಟ ಮಾರಲಾ?" ಅಂತ ಬರೆದೆ. ಬರೆದು ನೋಡಿದರೆ ನನ್ನ ಸಂಕಟ ತೋಟದ್ದಲ್ಲ. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ, ರಾತ್ರಿ ಕರೆಂಟು ಹೋದರೆ ಏನು ಮಾಡುತ್ತಾರೋ ಅನ್ನೋದು. ಚೀಟಿ ಹರಿದು ಬೇರೆ ಬರೆದೆ: "ತೋಟ ಮಾರಿ ಅಮ್ಮನನ್ನು ಬೆಂಗಳೂರಿಗೆ ಕರೆತರಲಾ?"

ಆಮೇಲೆ ಹೊತ್ತು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ. ನಿಮಗೆ ಬರುವ ಶ್ಲೋಕವೋ ಹಾಡೋ ಒಂದು ಹೇಳಿ, ನಂತರ ವಿಷಯವನ್ನು ಮನೆಮಾತಲ್ಲೇ ಹೇಳಿಕೊಳ್ಳಿ. ಸಂಸ್ಕೃತ ಬರಲ್ಲ ಅಂತ ಹಿಂಜರಿಯಬೇಡಿ. 12ನೇ ಶತಮಾನದಲ್ಲೇ ಬಸವಣ್ಣನವರು ಕೂಡಲಸಂಗಮದೇವನ ಹತ್ತಿರ ಕನ್ನಡದಲ್ಲಿ ಬೇಡಿದ್ದಾರೆ, ಅತ್ತಿದ್ದಾರೆ, ಜಗಳವನ್ನೂ ಆಡಿದ್ದಾರೆ. ನಾವು ಆಡಿದರೆ ತಪ್ಪೇನು?

ಕೇಳುವ ರೀತಿಯನ್ನು ಮಾತ್ರ ನಾನು ಕಲಿತದ್ದು ಪಕ್ಕದ ಮನೆಯ ಮುಸ್ಲಿಂ ಅಕ್ಕನಿಂದ. ಅವರಲ್ಲಿ ಇಸ್ತಿಖಾರಾ ಅಂತ ಇದೆ. ಏನಾದರೂ ತೀರ್ಮಾನ ಮಾಡುವ ಮೊದಲು ಎರಡು ರಕಾತ್, ಅಂದರೆ ಎರಡು ಸುತ್ತು, ನಮಾಜ್ ಮಾಡಿ ದುವಾ ಕೇಳುತ್ತಾರೆ: ಇದು ನನಗೆ ಒಳ್ಳೆಯದಾದರೆ ಸುಲಭ ಮಾಡಿಕೊಡು, ಕೆಟ್ಟದ್ದಾದರೆ ನನ್ನಿಂದ ದೂರ ಮಾಡು, ಎಲ್ಲಿ ಒಳ್ಳೆಯದಿದೆಯೋ ಅದನ್ನು ಕೊಟ್ಟು ಅದರಲ್ಲೇ ನೆಮ್ಮದಿ ಕೊಡು. ಆ ಕೊನೇ ಮಾತು ಕೇಳಿ ನನಗೆ ಕಣ್ಣು ತುಂಬಿತ್ತು. ನಾವು ಜಾಸ್ತಿ ಸಲ ಉತ್ತರ ಮೊದಲೇ ಇಟ್ಟುಕೊಂಡು ಬರೀ ಸಹಿ ಹಾಕಿಸಿಕೊಳ್ಳಲು ಹೋಗಿರುತ್ತೇವೆ.

ಇನ್ನು ದೇವಸ್ಥಾನದಲ್ಲಿ ಪ್ರಸಾದ ಕೇಳುವುದು. ನಮ್ಮ ಮಲೆನಾಡಿನ ಕಡೆ ದೊಡ್ಡ ವಿಷಯಕ್ಕೆಲ್ಲ ಇದನ್ನು ಕೇಳುತ್ತಾರೆ. ಭಟ್ಟರು ಹೂವಿನ ಎಸಳನ್ನು ನೀರಲ್ಲಿ ಅದ್ದಿ ಮೂರ್ತಿಗೆ ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ತೋಟದ ವಿಷಯಕ್ಕೆ ನಾನೂ ಅಮ್ಮನೂ ನಿಂತಿದ್ದೆವು. ಕಪ್ಪು ಕಲ್ಲಿನ ಮೇಲೆ ಕೆಂಪು ದಾಸವಾಳದ ಎಸಳು, ತುದಿಯಲ್ಲಿ ಒಂದು ಹನಿ ನೀರು. ಹನಿ ಜಾರಿತು, ಎಸಳು ಅಲ್ಲೇ ಇತ್ತು. ಅಮ್ಮನ ಬಳೆ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಎಸಳು ಎಡಕ್ಕೆ ವಾಲಿ ಬಿತ್ತು. ಆ ಕ್ಷಣ ನನ್ನ ಎದೆ ಹಗುರಾಯಿತು ನೋಡಿ, ಮಾರಲು ನನಗೆ ಮನಸ್ಸೇ ಇರಲಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಪಕ್ಕಕ್ಕೆ ತಿರುಗಿದರೆ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದಕ್ಕೇ ಹೇಳುತ್ತೇನೆ, ಹೂವನ್ನು ನೋಡಿ, ಅದು ಬಿದ್ದಾಗ ನಿಮ್ಮೊಳಗೆ ಏನಾಯಿತು ಅಂತಲೂ ನೋಡಿಕೊಳ್ಳಿ.

ಒಂದು ಸಲ ಕೇಳಿದ ಮೇಲೆ ಮುಗಿಯಿತು. ಉತ್ತರ ಹಿಡಿಸಲಿಲ್ಲ ಅಂತ ಬೇರೆ ದೇವಸ್ಥಾನಕ್ಕೆ ಹೋಗಿ ಮತ್ತೆ ಕೇಳಬೇಡಿ.

ಅರ್ಥ ಮಾಡಿಕೊಳ್ಳುವಾಗಲೂ ಅವಸರ ಬೇಡ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಮೈಲಾರಲಿಂಗನ ಭಕ್ತ ಗೊರವಯ್ಯ ಎತ್ತರದ ಬಿಲ್ಲೇರಿ, "ಸದ್ದಲೇ" ಅಂದ ಕೂಡಲೇ ಅಷ್ಟು ಜನ ಗಪ್‌ಚುಪ್. ಆಮೇಲೆ ಬರುವ ಕಾರಣಿಕ, ಅಂದರೆ ಭವಿಷ್ಯದ ನುಡಿ, ಒಂದೇ ಸಾಲು. ಅದನ್ನೇ ರೈತರು ಮಳೆ ಬೆಳೆಗೆ ಹೊಂದಿಸುತ್ತಾರೆ, ರಾಜಕೀಯದವರು ಕುರ್ಚಿಗೆ. ಹಾಗಾಗಿ ನಿಮಗೆ ಹೊಳೆದದ್ದನ್ನು ಮನೆಯ ಹಿರಿಯರೊಬ್ಬರಿಗೆ ಹೇಳಿ, ಎರಡು ದಿನ ಬಿಟ್ಟು ಹೆಜ್ಜೆ ಇಡಿ.

ಕೆಲವನ್ನು ದೇವರ ಹತ್ತಿರ ಕೇಳುತ್ತಾ ಕೂರಲೇಬಾರದು. ಮಗುವಿಗೆ ಜ್ವರ ಏರಿದರೆ ಮೊದಲು ಆಸ್ಪತ್ರೆ, ದಾರಿಯಲ್ಲಿ ಪ್ರಾರ್ಥನೆ. ಗಂಡ ಹೊಡೆಯುತ್ತಿದ್ದರೆ "ಸಹಿಸಲಾ?" ಅಂತ ಕೇಳಬೇಡಿ ತಾಯಿ, ಹೊರಗೆ ಬನ್ನಿ, ಧೈರ್ಯ ಕೊಡು ಅಂತ ಬೇಡಿಕೊಳ್ಳಿ. ಉತ್ತರ ಹೇಳಲು ಸಾವಿರಗಟ್ಟಲೆ ಕೇಳುವವರ ಹತ್ತಿರವಂತೂ ಹೋಗಲೇಬೇಡಿ.

ಉತ್ತರ ಸಿಕ್ಕ ಮೇಲೆ ಕೆಲಸ ನಮ್ಮದು. ತೋಟ ಮಾರಬೇಡ ಅಂತಷ್ಟೇ ನನಗೆ ಸಿಕ್ಕಿದ್ದು, ಮುಂದೇನು ಅಂತ ಹೂವು ಹೇಳಲಿಲ್ಲ. ಅಡಿಕೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟೆವು. ಮನೆಗೆ ಯುಪಿಎಸ್ ಹಾಕಿಸಿದೆ. ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸಿಗೆ ಊರಿಗೆ ಹೋಗುತ್ತೇನೆ. ಚೀಟಿಗೆ ತಾರೀಕು ಹಾಕಿ ದೇವರ ಪಟದ ಹಿಂದೆ ಇಟ್ಟಿದ್ದೆ, ನೀವೂ ಇಡಿ. ಮೊನ್ನೆ ಪಟ ಒರೆಸುವಾಗ ಅಮ್ಮನಿಗೆ ಅದು ಸಿಕ್ಕಿತು. ಓದಿ, ಮಡಿಸಿ, ಅಲ್ಲೇ ಇಟ್ಟು, ಕಾಫಿಗೆ ನೀರಿಟ್ಟರು.