ಕಾಲು ನಿಲ್ಲದ ಹುಡುಗ

ಮಾನಸಿಕ ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ನಾನು ನರ್ಸ್. ರೋಗಿಗಳ ನಡುವೆ ಹೊಡೆದಾಟ ಆದಾಗಲೆಲ್ಲ ರಿಪೋರ್ಟ್ ಪುಸ್ತಕದಲ್ಲಿ ‘ಇದ್ದಕ್ಕಿದ್ದ ಹಾಗೆ ಹೊಡೆದ’ ಅಂತ ಬರೆಯುತ್ತಿದ್ದೆ. ಈಗ ಆ ಮಾತು ಬರೆಯುವುದಿಲ್ಲ.

ಆ ಹುಡುಗನಿಗೆ 22 ವರ್ಷ ಇರಬಹುದು. ಭರ್ತಿಯಾಗಿ ನಾಲ್ಕನೇ ದಿನ. ಹ್ಯಾಲೊಪೆರಿಡಾಲ್ ಅನ್ನೋ ಮಾನಸಿಕ ಕಾಯಿಲೆಯ ಮದ್ದು ನಡೆಯುತ್ತಿತ್ತು. ಬೆಳಗಿನಿಂದ ವರಾಂಡದ ಆ ತುದಿಯಿಂದ ಈ ತುದಿಗೆ ಓಡಾಡುತ್ತಲೇ ಇದ್ದ. ಊಟಕ್ಕೆ ಕೂರಿಸಿದರೆ ಎರಡು ತುತ್ತಿಗೇ ಏಳುತ್ತಿದ್ದ. ಕಾಯಿಲೆ ಜಾಸ್ತಿಯಾಗಿದೆ ಅಂದುಕೊಂಡೆವು. ಸಂಜೆ ಟೀ ಸಾಲಿನಲ್ಲಿ ಮುಂದಿದ್ದ ಹಿರಿಯರೊಬ್ಬರು ‘ಏಯ್, ಸುಮ್ನೆ ನಿಂತ್ಕೊಳ್ಳೋ’ ಅಂತ ಗದರಿಸಿದರು. ಅವನ ಕೈಯಲ್ಲಿದ್ದ ಸ್ಟೀಲ್ ಲೋಟ ಅವರ ಹುಬ್ಬಿಗೆ ಬಿತ್ತು. ಮೂರು ಹೊಲಿಗೆ.

ನಾಲ್ಕು ಜನ ಹಿಡಿದು ಕೈಕಾಲು ಕಟ್ಟಿದೆವು. ಅದೇ ಮದ್ದಿನ ಇಂಜೆಕ್ಷನ್ ಕೊಟ್ಟೆವು. ರಾತ್ರಿಯೆಲ್ಲ ಅವನ ಹಿಮ್ಮಡಿ ಹಾಸಿಗೆಗೆ ಉಜ್ಜುವ ಸದ್ದು ಕೇಳುತ್ತಿತ್ತು.

ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಮೇಡಂ ಸ್ಟೂಲ್ ಎಳೆದುಕೊಂಡು ಕೂತರು. ‘ಓಡಾಡ್ಬೇಕು ಅಂತ ನಿಂಗೇ ಅನ್ಸುತ್ತಾ, ಇಲ್ಲ ಕಾಲೇ ಓಡಾಡಿಸುತ್ತಾ?’

‘ಕಾಲೊಳಗೆ ಇರುವೆ ಹರಿದಂಗಾಗ್ತದೆ ಮೇಡಂ. ಕೂತ್ರೆ ಜೀವ ಹೋಗ್ತದೆ.’

ಇದಕ್ಕೆ ಅಕಥೀಸಿಯಾ ಅನ್ನುತ್ತಾರೆ. ಮದ್ದಿನ ಅಡ್ಡಪರಿಣಾಮ ಇದು. ಶುರು ಮಾಡಿದ ಅಥವಾ ಡೋಸ್ ಏರಿಸಿದ ಹೊಸದರಲ್ಲೇ ಹೆಚ್ಚಾಗಿ ಬರುತ್ತದೆ. ಕಾಯಿಲೆಯ ಆವೇಶ ಅಂದುಕೊಂಡು ಅದೇ ಮದ್ದು ಇನ್ನಷ್ಟು ಕೊಟ್ಟರೆ ಚಡಪಡಿಕೆ ಏರುತ್ತದೆ. ನಾವು ಮಾಡಿದ್ದೂ ಅದನ್ನೇ ಅಲ್ವಾ? ಮೇಡಂ ಡೋಸ್ ಇಳಿಸಿ, ಈ ಚಡಪಡಿಕೆ ತಗ್ಗಿಸಲು ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ಬರೆದರು. ಕೆಲವೇ ದಿನಗಳಲ್ಲಿ ಅವನು ಬೆಂಚಿನ ಮೇಲೆ ಕೂತು ಟೀ ಕುಡಿದ.

ಅಂದಿನಿಂದ ಯಾರಾದರೂ ಸುಮ್ಮನೆ ಓಡಾಡುವುದು ಕಂಡರೆ ಮೊದಲು ಕಾಲಿನ ವಿಷಯ ಕೇಳುತ್ತೇನೆ. ಎಲ್ಲ ಜಗಳಕ್ಕೂ ಇದೇ ಕಾರಣ ಅಂತಲ್ಲ. ಬೀಡಿಗೆ, ಫ್ಯಾನ್ ಕೆಳಗಿನ ಮಂಚಕ್ಕೆ, ಬರುತ್ತೇನೆಂದ ಅಮ್ಮ ಬರದಿದ್ದಕ್ಕೆ, ಕಿವಿಯಲ್ಲಿ ಕೇಳುವ ಬೈಗುಳಕ್ಕೆ ಜಗಳ ಹತ್ತುತ್ತದೆ. ಯಾವ ಹೊತ್ತಿಗೆ, ಎಲ್ಲಿ ಆಯಿತು ಅಂತ ಒಂದು ಪುಟ್ಟ ಪುಸ್ತಕದಲ್ಲಿ ಬರೆಯತೊಡಗಿದೆ. ಟೀ ಸಾಲು ಮತ್ತೆ ಮತ್ತೆ ಬಂತು. ಈಗ ಸಾಲಿಲ್ಲ, ಟೀ ಮಂಚದ ಹತ್ತಿರಕ್ಕೇ ಹೋಗುತ್ತದೆ.

ಸಿಟ್ಟು ಏರಿದವರ ಎದುರು ಒಬ್ಬರೇ ಮಾತಾಡುತ್ತೇವೆ, ಮೆತ್ತಗೆ. ಎರಡು ಕೈ ದೂರ, ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತೇವೆ. ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಉಳಿದವರು ಬೇರೆ ರೋಗಿಗಳನ್ನು ಆಚೆ ಕರೆದೊಯ್ಯುತ್ತಾರೆ.

ಕಟ್ಟುವುದು ಪೂರ್ತಿ ನಿಂತಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಈಗ ನನಗೆ ಬಾಯಿಪಾಠ. ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಮ್ಮಿ ಅಂತ ಕಟ್ಟುವಂತಿಲ್ಲ. ಏಕೆ, ಎಷ್ಟು ಹೊತ್ತು ಅಂತ ಬರೆದಿಡಬೇಕು. ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಆ ಹುಡುಗನನ್ನು ಬಿಚ್ಚಿದ ಹೊತ್ತು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ.

ಇನ್ನೊಂದು ತಪ್ಪೂ ಇದೆ. ಏಟು ತಿಂದ ಹಿರಿಯರಿಗೆ ಹೊಲಿಗೆ ಹಾಕಿಸಿ ಮರೆತುಬಿಟ್ಟಿದ್ದೆವು. ಮೂರನೇ ರಾತ್ರಿ ಎದ್ದು ಕೂತಿದ್ದರು. ಯಾಕೆ ಮಲಗಿಲ್ಲ ಅಂದೆ. ‘ಆ ಹುಡ್ಗನ ಮಂಚ ನನ್ನ ಪಕ್ಕದಲ್ಲೇ ಐತಲ್ಲಪ್ಪ’ ಅಂದರು. ಆಗಲೇ ಅವರ ಮಂಚ ಎಳೆದು ನಮ್ಮ ಮೇಜಿನ ಹತ್ತಿರ ಹಾಕಿದೆ.