ಸತ್ತುಹೋದ ವಿಡಿಯೋ ಗೇಮಿನೊಳಗೆ ರಾಸ್ಪ್‌ಬೆರಿ ಪೈ: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಹಳೇ ವಿಡಿಯೋ ಗೇಮ್ ಇನ್ನೂ ಓಡುತ್ತಿದ್ದರೆ ಅದನ್ನು ಬಿಚ್ಚಬೇಡಿ. ಹಾಗೇ ಇಟ್ಟುಕೊಂಡು ಆಡಿ. ನಾನು ಬಿಚ್ಚಿದ್ದು ಪೂರ್ತಿ ಸತ್ತುಹೋದ ಸೆಟ್ಟನ್ನು. ಅದರೊಳಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು ಹಳೇ ಆಟಗಳನ್ನೇ ಓಡಿಸಿದೆ.

ಇದು ನಮ್ಮ ಮಾವ ದುಬೈಯಿಂದ ಬರುವಾಗ ತಂದದ್ದು. ಆಗ ಮಂಗಳೂರಿನ ಎಷ್ಟೋ ಮನೆಗಳಿಗೆ ವಿಡಿಯೋ ಗೇಮ್ ಬಂದದ್ದು ಹಾಗೇ, ಟೇಪ್ ರೆಕಾರ್ಡರ್ ಮತ್ತು ಸೆಂಟಿನ ಬಾಟ್ಲಿಗಳ ಜೊತೆಗೆ. ಮೇಲೆ ಯಾವ ಹೆಸರೇ ಇರಲಿ, ಒಳಗಿರುವುದು ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು. 60 ಪಿನ್ನಿನ ಕ್ಯಾಸೆಟ್, ಕೈಯಲ್ಲಿ ಹಿಡಿದು ಆಡುವ ಎರಡು ಪ್ಯಾಡ್, ಒಂದು ಗನ್. ಫ್ಯಾಮಿಕಾಮ್‌ನಲ್ಲಿ ಬೇರೆ ಬೇರೆ ಇದ್ದ ಚಿಪ್ಪುಗಳನ್ನೆಲ್ಲ ಇಂಥ ನಕಲುಗಳಲ್ಲಿ ಒಂದೇ ಚಿಪ್ಪಿಗೆ ತುರುಕಿ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಕಪ್ಪು ಅಂಟು ಸುರಿದಿರುತ್ತಾರೆ. ಮಲ್ಟಿಮೀಟರ್ ಹಿಡಿದು ನೋಡಿದೆ. ಅಡಾಪ್ಟರಿನ ವೋಲ್ಟೇಜನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರಿನಿಂದ 5 ವೋಲ್ಟ್ ಸರಿಯಾಗಿ ಬರುತ್ತಿತ್ತು, ಚಿತ್ರ ಮಾತ್ರ ಇಲ್ಲ. ಬೋರ್ಡಿನ ತುಂಬ ಹಸಿರು ಕಿಲುಬು. ನಮ್ಮ ಉಪ್ಪುಗಾಳಿಗೂ ಮಳೆಗಾಲಕ್ಕೂ ತಾಮ್ರ ಎಷ್ಟು ವರ್ಷ ತಡೆದೀತು? ಗುರುತಿನ ರಿಪೇರಿಯವರಿಗೆ ತೋರಿಸಿದೆ. "ಇದಕ್ಕೆ ಐಸಿ ಎಲ್ಲಿಂದ ತರುದು ಮಾರಾಯ್ರೆ, ರಸ್ತೆಗೆ ಡಾಮರು ಹಾಕಿದ ಹಾಗೆ ಮುಚ್ಚಿಟ್ಟಿದ್ದಾರೆ" ಅಂದರು. ಆಮೇಲೆಯೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ಬೋರ್ಡ್ ತೆಗೆದು ಪೈ ಇಟ್ಟು, ಎಚ್‌ಡಿಎಂಐ ವೈರ್ ಹೊರಗೆ ಎಳೆದು, ಯುಎಸ್‌ಬಿ ಪ್ಯಾಡ್ ಸಿಕ್ಕಿಸಿದರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಸುಮಾರು ಜನ ಮಾಡುವುದೂ ಅದನ್ನೇ. ಆದರೆ ಅಷ್ಟಕ್ಕೇ ಆದರೆ ಹಳೇ ಸೆಟ್ಟು ಯಾಕೆ ಬೇಕು, ಅಲ್ವಾ? ನನಗೆ ಎರಡೇ ಎರಡು ಬೇಕಿತ್ತು. ಕೈಯಲ್ಲಿ ಅದೇ ಪ್ಯಾಡ್ ಇರಬೇಕು. ಪರದೆ ಮೇಲೆ ಅದೇ ವೇಗ ಇರಬೇಕು. ಉಳಿದದ್ದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಪೈ 3 ಬಿ ಮಾದರಿ ಹಾಕಿದೆ, ಅದರಲ್ಲಿ ರೆಟ್ರೋಪೈ ಹಾಕಿದೆ. ಇದು ಹಳೇ ಗೇಮ್ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್ ಸಾಫ್ಟ್‌ವೇರುಗಳ ಕಟ್ಟು. ಪೈ ಬೋರ್ಡು 85 ಮಿ.ಮೀ. ಉದ್ದ, 56 ಮಿ.ಮೀ. ಅಗಲ, ಆರಾಮಾಗಿ ಕೂರುತ್ತದೆ. ಕ್ಯಾಸೆಟ್ ಹಾಕುವ ಬಾಯಿಯನ್ನು ಹಾಗೇ ಬಿಟ್ಟದ್ದರಿಂದ ಬಿಸಿಗಾಳಿ ಹೊರಹೋಗಲು ಬೇರೆ ತೂತು ಕೊರೆಯಬೇಕಾಗಲಿಲ್ಲ. ಏಪ್ರಿಲ್ ಸೆಕೆಗೂ ಒಂದು ಸಣ್ಣ ಹೀಟ್ ಸಿಂಕ್ ಸಾಕಾಯಿತು.

ಇನ್ನು ಪ್ಯಾಡ್. ಇದರ ಒಳಗಿನ ಉಪಾಯ ನನಗೆ ಬಹಳ ಇಷ್ಟ. ಎಂಟು ಬಟನ್ ಇದ್ದರೂ ವೈರು ಐದೇ: 5 ವೋಲ್ಟ್, ಗ್ರೌಂಡ್, ಲ್ಯಾಚ್, ಕ್ಲಾಕ್, ಡೇಟಾ. ಒಳಗೆ ಒಂದು ಶಿಫ್ಟ್ ರಿಜಿಸ್ಟರ್ ಇದೆ. ನಿಂಟೆಂಡೋದ ಪ್ಯಾಡಿನಲ್ಲಿ ಅದು 4021, ನಕಲಿನಲ್ಲಿ ಅದೇ ಕೆಲಸ ಮಾಡುವ ಕಪ್ಪು ಬೊಟ್ಟಿನ ಚಿಪ್ಪು. ಲ್ಯಾಚ್ ವೈರಿಗೆ ಒಮ್ಮೆ ಪಲ್ಸ್ ಕೊಟ್ಟರೆ ಆ ಕ್ಷಣದಲ್ಲಿ ಯಾವ ಯಾವ ಬಟನ್ ಒತ್ತಿದೆ ಎಂಬುದು ಅದರಲ್ಲಿ ಹಿಡಿದಿಡಲ್ಪಡುತ್ತದೆ. ಆಮೇಲೆ ಕ್ಲಾಕ್ ತಟ್ಟಿದ ಹಾಗೆಲ್ಲ ಒಂದೊಂದೇ ಹೊರಗೆ ಬರುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಒತ್ತಿದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ಇಷ್ಟೇ.

ಪ್ಯಾಡ್ 5 ವೋಲ್ಟಿನದ್ದು, ಪೈಯ ಪಿನ್ನುಗಳು 3.3 ವೋಲ್ಟಿನವು. ಹಾಗಾಗಿ ನೇರ ಪೈಗೆ ಕೊಡದೆ ನಡುವೆ 5 ವೋಲ್ಟಿನ ಒಂದು ಆರ್ಡುಯಿನೋ ಪ್ರೋ ಮೈಕ್ರೋ ಎಂಬ, ನಾವೇ ಪ್ರೋಗ್ರಾಮ್ ಬರೆದು ಓಡಿಸುವ ಪುಟ್ಟ ಬೋರ್ಡ್ ಹಾಕಿದೆ. ಅದು ಯುಎಸ್‌ಬಿ ಜಾಯ್‌ಸ್ಟಿಕ್ ಆಗಿ ನಟಿಸಬಲ್ಲದು, ಪೈಗೆ ಯಾವ ಡ್ರೈವರೂ ಬೇಡ. ಎರಡು ಪ್ಯಾಡಿಗೂ ಲ್ಯಾಚ್, ಕ್ಲಾಕ್ ಒಂದೇ ಆಗಬಹುದು, ಡೇಟಾ ಮಾತ್ರ ಬೇರೆ ಬೇರೆ. ಗಮನಿಸಬೇಕಾದ್ದು ಒಂದಿದೆ. ನಕಲು ಪ್ಯಾಡುಗಳ 9 ಪಿನ್ನಿನ ಪ್ಲಗ್ಗಿನಲ್ಲಿ ಯಾವುದು ಯಾವ ಪಿನ್ನಿಗೆ ಎನ್ನುವುದು ಸೆಟ್ಟಿನಿಂದ ಸೆಟ್ಟಿಗೆ ಬದಲಾಗುತ್ತದೆ, ವೈರಿನ ಬಣ್ಣವನ್ನೂ ನಂಬುವ ಹಾಗಿಲ್ಲ. ಹಳೇ ಬೋರ್ಡನ್ನು ಎಸೆಯುವ ಮುಂಚೆ 7805ರ ಕಾಲಿನಿಂದ ಸಾಕೆಟ್‌ವರೆಗೆ ಮೀಟರಿನ ಬೀಪ್ ಇಟ್ಟು 5 ವೋಲ್ಟ್ ಮತ್ತು ಗ್ರೌಂಡ್ ಹುಡುಕಿಕೊಳ್ಳಿ. ಆ ಎರಡು ಗೊತ್ತಾದರೆ ಉಳಿದ ಮೂರನ್ನು ಅದಲು ಬದಲು ಮಾಡಿ ನೋಡಬಹುದು.

ಬಟನ್ನುಗಳ ಕೆಳಗಿನ ರಬ್ಬರಿನಲ್ಲಿ ಕಪ್ಪು ಕಾರ್ಬನ್ ಬೊಟ್ಟುಗಳಿರುತ್ತವೆ. ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಮೆಲ್ಲಗೆ ಒರೆಸಿದೆ. ಉಜ್ಜಿದರೆ ಕಾರ್ಬನ್ನೇ ಕಿತ್ತುಬರುತ್ತದೆ. ಎಡ ಬಾಣದ ಬಟನ್ ಮತ್ತೆ ಮೊದಲಿನ ಹಾಗೆ ಕೆಲಸ ಮಾಡಿದಾಗ ಆದ ಖುಷಿ, ಇಡೀ ಕೆಲಸದಲ್ಲಿ ಬೇರೆಲ್ಲೂ ಆಗಲಿಲ್ಲ.

ಎರಡನೇದು ವೇಗ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ನಮ್ಮ ಹಳೇ ಟಿವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿದ್ದವು. ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ 60 ಸಲ. ಆಟಗಳನ್ನು ಬರೆದದ್ದು 60ಕ್ಕೆ, ಆದರೆ ನಮ್ಮ ಕಡೆ ಬಂದ ಸೆಟ್ಟುಗಳು ಅವನ್ನೇ 50ರಲ್ಲಿ ಓಡಿಸುತ್ತಿದ್ದವು. ಅಂದರೆ ಸುಮಾರು ಶೇಕಡ 17ರಷ್ಟು ನಿಧಾನ. ನಾವು ಕಲಿತ ಮಾರಿಯೋ ಆ ನಿಧಾನದ ಮಾರಿಯೋ. ಎಮ್ಯುಲೇಟರ್ ತಾನಾಗಿ 60 ಆರಿಸಿಕೊಳ್ಳುತ್ತದೆ, ಆಗ ಗುಂಡಿ ಹಾರುವ ಹೊತ್ತು ಕೈಗೆ ಸಿಗುವುದೇ ಇಲ್ಲ. ವಯಸ್ಸಾಯಿತು ಅಂದುಕೊಂಡು ಪ್ಯಾಡ್ ಕೆಳಗಿಡುವವರನ್ನು ನೋಡಿದ್ದೇನೆ. ವಯಸ್ಸಲ್ಲ, ಸೆಟ್ಟಿಂಗ್.

ರೆಟ್ರೋಪೈ ಒಳಗೆ ಆಟ ಓಡಿಸುವ ರೆಟ್ರೋಆರ್ಕ್‌ನಲ್ಲಿ ಎಫ್‌ಸಿಇಯುಎಂಎಂ ಎಂಬ ಕೋರ್ (ಫ್ಯಾಮಿಕಾಮ್ ಅನುಕರಿಸುವ ಭಾಗ) ಹಾಕಿ, ಅದರ ರೀಜನ್‌ನಲ್ಲಿ ಡೆಂಡಿ ಆರಿಸಿ. ಡೆಂಡಿ ಎಂದರೆ 1992ರಿಂದ ರಷ್ಯಾದಲ್ಲಿ ಮಾರಿದ ಇಂಥದ್ದೇ ನಕಲು. ಪಾಲ್ ಅಂತ ಇನ್ನೊಂದು ಆಯ್ಕೆ ಇದೆ, ಅದು ಬೇಡ. ಯುರೋಪಿಗೆ ನಿಂಟೆಂಡೋ ಮಾಡಿದ ಪಾಲ್ ಸೆಟ್ಟಿನ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಜಪಾನಿನದ್ದು 1.79. ಪ್ರೊಸೆಸರ್ ನಿಧಾನವಾದರೆ ಸ್ವರವೇ ತಗ್ಗುತ್ತದೆ. ಡೆಂಡಿ ಜಾತಿಯವು 1.77ರಲ್ಲಿ ಓಡುವುದರಿಂದ ಸ್ವರ ಹೆಚ್ಚುಕಡಿಮೆ ಅದೇ ಇರುತ್ತದೆ, ಲಯ ಮಾತ್ರ ನಿಧಾನ. ಡೆಂಡಿ ಇಟ್ಟು ಕಾಂಟ್ರಾ ಆಟ ಹಾಕಿದೆ. ಮೊದಲ ಹಂತದ ಸಂಗೀತ ಕೇಳಿದ ಕೂಡಲೇ ಅಕ್ಕ ಅಡಿಗೆಮನೆಯಿಂದ "ಇದು ನಮ್ಮದೇ ಅಲ್ವಾ" ಎಂದು ಹೊರಗೆ ಬಂದಳು.

ಟಿವಿಯೂ 50ರಲ್ಲೇ ಇರಬೇಕು, ಇಲ್ಲದಿದ್ದರೆ ಚಿತ್ರ ಎಳೆದೆಳೆದು ಓಡುತ್ತದೆ. ಬಂದರಿನ ಗುಜರಿಯಲ್ಲಿ ಒಂದು 14 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಸಿಕ್ಕಿತು. ಪೈಯ ಕಾನ್ಫಿಗ್ ಫೈಲಿನಲ್ಲಿ ಎಸ್‌ಡಿಟಿವಿ ಮೋಡ್ 18 ಎಂದು ಬರೆದರೆ ಪಾಲ್ ಪ್ರೋಗ್ರೆಸಿವ್ ಬರುತ್ತದೆ, ಹಳೇ ಸೆಟ್ಟಿನ ಹಾಗೆ ಗೆರೆಗಳು ಅಲುಗದೆ ನಿಲ್ಲುತ್ತವೆ. ಪೈಯ 3.5 ಮಿ.ಮೀ. ಜ್ಯಾಕಿನಲ್ಲಿ ತುದಿಯಿಂದ ಕ್ರಮವಾಗಿ ಎಡ, ಬಲ, ಗ್ರೌಂಡ್, ವಿಡಿಯೋ. ಹಳೇ ಕ್ಯಾಮ್‌ಕಾರ್ಡರ್ ವೈರುಗಳಲ್ಲಿ ಈ ಕ್ರಮ ಬೇರೆ ಇರುತ್ತದೆ, ಮೀಟರಿನಲ್ಲಿ ನೋಡಿಯೇ ಕೊಡಿ. ನಾನು ವೈರ್ ಕತ್ತರಿಸಿ ಸೆಟ್ಟಿನ ಹಿಂದಿನ ಹಳದಿ, ಬಿಳಿ ಸಾಕೆಟ್ಟಿಗೇ ಬೆಸುಗೆ ಹಾಕಿದೆ. ಫ್ಯಾಮಿಕಾಮ್‌ನ ಸದ್ದು ಮೋನೋ, ಆದ್ದರಿಂದ ಎಡ ಒಂದೇ ಸಾಕು.

ಕರೆಂಟಿನ ವಿಷಯ. ಹಳೇ 9 ವೋಲ್ಟ್ ಅಡಾಪ್ಟರ್ ಮುಟ್ಟಬೇಡಿ. ಪೈ 3ಕ್ಕೆ 5 ವೋಲ್ಟ್, 2.5 ಆಂಪಿಯರ್ ಬೇಕು. ತೆಳು ವೈರಿನಲ್ಲಿ 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಪಟ್ ಎಂದು ಸ್ವಿಚ್ ಆರಿಸಿದರೆ ಮೆಮೊರಿ ಕಾರ್ಡ್ ಹಾಳಾಗಬಹುದು. ಹಾಗಾಗಿ ರೀಸೆಟ್ ಬಟನ್ನನ್ನು ಪೈಯ 5 ಮತ್ತು 6ನೇ ಪಿನ್ನಿಗೆ ಕೊಟ್ಟು, ಕಾನ್ಫಿಗ್ ಫೈಲಿನಲ್ಲಿ ಜಿಪಿಐಒ ಶಟ್‌ಡೌನ್ ಓವರ್‌ಲೇ (ಪಿನ್ನಿಗೆ ಕೊಟ್ಟ ಬಟನ್ನಿನಿಂದ ಪೈ ಆರಿಸುವ ಸೆಟ್ಟಿಂಗ್) ಸೇರಿಸಿದೆ. ಒಮ್ಮೆ ಒತ್ತಿದರೆ ಕ್ರಮವಾಗಿ ಆರುತ್ತದೆ, ಮತ್ತೊಮ್ಮೆ ಒತ್ತಿದರೆ ಏಳುತ್ತದೆ.

ಗನ್ ಮಾತ್ರ ಕಪಾಟಿನಲ್ಲೇ ಉಳಿಯಿತು. ಪರದೆಯಲ್ಲಿ ಬಿಳಿ ಚೌಕ ಮೂಡಿದ ಹೊತ್ತಿಗೇ ಅದರ ಸೆನ್ಸರಿಗೆ ಬೆಳಕು ಕಾಣಬೇಕು. ಎಮ್ಯುಲೇಟರಿನಲ್ಲಿ ಚಿತ್ರ ಒಂದೆರಡು ಫ್ರೇಮ್ ತಡವಾದರೂ ಲೆಕ್ಕ ತಪ್ಪುತ್ತದೆ. ಗನ್ನಿನಿಂದ ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟ ಬೇಕಾದರೆ ಓಡುವ ಹಳೇ ಸೆಟ್ಟೇ ಬೇಕು.

ಆಟಗಳ ಫೈಲಿನ ಬಗ್ಗೆಯೂ ಕೇಳುತ್ತಾರೆ. ನಿಂಟೆಂಡೋ ಮುಂತಾದವರ ಆಟಗಳಿಗೆ ಕಾಪಿರೈಟ್ ಇನ್ನೂ ಇದೆ, ಸಿಕ್ಕಿದಲ್ಲಿಂದ ಇಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಈಗಲೂ ಈ ಯಂತ್ರಕ್ಕೆ ಹೊಸ ಆಟ ಬರೆಯುವವರಿದ್ದಾರೆ. 2019ರಲ್ಲಿ ಬಂದ ಮೈಕ್ರೋ ಮೇಜಸ್ ಬರೀ 40 ಕಿಲೋಬೈಟಿನದ್ದು, ಅಷ್ಟರಲ್ಲೇ ನಾಲ್ಕು ಜನ ಒಟ್ಟಿಗೆ ಆಡಬಹುದು. ಅದು ನಾವು ನಿಧಾನದಲ್ಲಿ ಕಲಿತ ಆಟವಲ್ಲ. ಅದಕ್ಕೆ ಮಾತ್ರ ಎನ್‌ಟಿಎಸ್‌ಸಿ ಇಟ್ಟು, ಟಿವಿ ಮೋಡನ್ನು 16ಕ್ಕೆ ಬದಲಿಸಿ ಆಡಿ.