ಹೊಲದ ಯೂರಿಯಾ ಹಳ್ಳ ಸೇರದಂತೆ ತಡೆದದ್ದು: ನನ್ನ ಅನುಭವ

ಕಲಘಟಗಿ ಕಡೆ ನಮ್ಮ ಕಬ್ಬಿನ ಹೊಲ ಬೇಡ್ತಿ ಹಳ್ಳದ ಕಡೆಗೆ ಇಳಿಜಾರು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಇದಕ್ಕೇ ಕೂಡುತ್ತದೆ. ಮುಂದೆ ಇದೇ ನೀರು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು, ಅಂಕೋಲಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ.

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸಿಹಿನೀರು ಹಗುರ, ಉಪ್ಪುನೀರು ಭಾರ. ಸಿಹಿನೀರು ಮೇಲೆ ನಿಂತಾಗ ತಳಕ್ಕೆ ಗಾಳಿ ಸಿಗುವುದು ಕಡಿಮೆ. ಅಂಥಲ್ಲಿ ಯೂರಿಯಾದಂಥ ಗೊಬ್ಬರದ ಸಾರಜನಕ ಜಾಸ್ತಿ ಬಂದರೆ ಪಾಚಿ ಹಬ್ಬುತ್ತದೆ, ಸತ್ತು ತಳ ಸೇರಿ ಕೊಳೆಯುತ್ತದೆ, ಇದ್ದ ಆಮ್ಲಜನಕವೂ ಖರ್ಚಾಗುತ್ತದೆ. ಅದು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಮೀನು ಜಾಗ ಬಿಡುತ್ತದೆ. ತಳದಲ್ಲೇ ಇರುವ ಬಳಚು (ಚಿಪ್ಪಿನ ಜೀವಿ) ಎಲ್ಲಿಗೆ ಹೋಗಬೇಕು? ಮಳೆಗಾಲದ ಸೆಳವಿಗೆ ಬಹಳಷ್ಟು ಕೊಚ್ಚಿ ಹೋಗುತ್ತದೆ. ಹರಿವು ತಗ್ಗಿದಾಗಲೇ ತಾಪತ್ರಯ.

ಊರಿನ ಚರಂಡಿ ನೀರಿನ ಪಾಲೂ ಇದರಲ್ಲಿದೆ, ಎಲ್ಲಾ ರೈತನ ತಲೆಗೇ ಕಟ್ಟುವುದು ಸರಿಯಲ್ಲ. ಆದರೆ 45 ಕೆಜಿ ಯೂರಿಯಾ ಚೀಲದಲ್ಲಿ 20 ಕೆಜಿಗೂ ಹೆಚ್ಚು ಸಾರಜನಕ ಇರುತ್ತದೆ. ಅದು ಹಳ್ಳಕ್ಕೆ ಹೋದರೆ ನನ್ನ ರೊಕ್ಕವೂ ಹೋಯಿತು, ಅಲ್ವಾ?

ಮೀನಿನ ತೊಟ್ಟಿಗೆ ಬಳಸುವ ನೈಟ್ರೇಟ್ ಪಟ್ಟಿಗಳನ್ನು ಹುಬ್ಬಳ್ಳಿಯಿಂದ ತಂದೆ. ನೈಟ್ರೇಟ್ ಅಂದರೆ ನೀರಲ್ಲಿ ಕರಗುವ ಸಾರಜನಕದ ಒಂದು ರೂಪ, ಅದು ಹೆಚ್ಚಿದ್ದಷ್ಟೂ ಪಟ್ಟಿಯ ಗುಲಾಬಿ ಬಣ್ಣ ಗಾಢ. ಮೊದಲು ಬೋರ್‌ವೆಲ್ ನೀರನ್ನೇ ನೋಡಬೇಕು, ಅದರಲ್ಲೇ ನೈಟ್ರೇಟ್ ಇರಬಹುದು. ನಮ್ಮದು ತೆಳು ಗುಲಾಬಿ ಬಂತು. ಯೂರಿಯಾ ಹಾಕಿದ ಮೇಲಿನ ಮೊದಲ ನೀರಲ್ಲಿ, ಸಾಲಿನ ತುದಿಯಲ್ಲಿ ಹಿಡಿದರೂ ಅಷ್ಟೇ ಬಣ್ಣ. ಹಾಗಂತ ಆ ನೀರು ಚೊಕ್ಕ ಅಂದುಕೊಳ್ಳಬೇಡಿ. ಯೂರಿಯಾ ಆಗಿನ್ನೂ ಯೂರಿಯಾ ಆಗಿಯೇ ಕರಗಿ ಹೊರಟಿರುತ್ತದೆ, ಪಟ್ಟಿಗೆ ಅದು ಕಾಣುವುದಿಲ್ಲ. ಮಣ್ಣಲ್ಲಿ ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗಲು ದಿನಗಳು ಬೇಕು. ಬೇವು ಲೇಪನ ಇದ್ದರೆ ಇನ್ನೂ ನಿಧಾನ. ಮುಂದಿನ ನೀರಲ್ಲಿ ಪಟ್ಟಿ ಗಾಢ ಗುಲಾಬಿಯಾಯಿತು.

ಹಾಗಾಗಿ ಎರಡೂ ನೀರನ್ನು ಹೊಲದಲ್ಲೇ ನಿಲ್ಲಿಸಲು ಹೊರಟೆ. ಗೊಬ್ಬರ ಚೆಲ್ಲುವುದು ಬಿಟ್ಟು, ಬುಡದ ಪಕ್ಕ ಗೆರೆ ತೆಗೆದು ಹಾಕಿ ಮಣ್ಣು ಮುಚ್ಚಿಸಿದೆ. ಆಳಿನ ಖರ್ಚು ಏರಿತು, ಸುಳ್ಳು ಹೇಳಲ್ಲ. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಿ, ತುದಿ ಮುಟ್ಟುವ ಮುಂಚೆಯೇ ನೀರು ತಿರುಗಿಸುತ್ತೇನೆ. ಮಿಕ್ಕಿದ್ದು ಕೆಳಗಿನ ಕುಣಿಗೆ ಬೀಳುತ್ತದೆ, ಅಲ್ಲಿಂದ ನೇಪಿಯರ್ ಹುಲ್ಲಿಗೆ. ಎಮ್ಮೆಗಳಿಗೆ ಮೇವಾಯಿತು. ರವದಿ (ಕಬ್ಬಿನ ಒಣ ಎಲೆ) ಸುಡದೆ ಹರವುವುದರಿಂದ ನೀರಿನ ಓಟವೂ ತಗ್ಗಿದೆ.

ಬದುವಿನ ಮೇಲೆ ಹುಲ್ಲು ಬೆಳೆಸಿದರೆ ಸಾಕು ಅನ್ನುವವರಿದ್ದಾರೆ. ಹುಲ್ಲು ಮಣ್ಣನ್ನೂ ಅದಕ್ಕೆ ಅಂಟಿದ ರಂಜಕವನ್ನೂ ಹಿಡಿಯುತ್ತದೆ. ಕರಗಿದ ನೈಟ್ರೇಟ್ ಜೋರು ನೀರಿನ ಜೊತೆ ದಾಟಿ ಹೋಗುತ್ತದೆ.

ಬೇಸಿಗೆಯಲ್ಲಿ ಮಣ್ಣಲ್ಲಿ ಉಳಿದ ನೈಟ್ರೇಟ್ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊರಬೀಳುತ್ತದೆ. ಅದನ್ನು ಕುಣಿ ತಡೆಯುವುದಿಲ್ಲ, ತುಂಬಿ ಹರಿಯುತ್ತದೆ. ಅದಕ್ಕೇ ಮೇ ಕೊನೆಯಲ್ಲಿ ಯೂರಿಯಾ ಹಾಕುವುದನ್ನೇ ನಿಲ್ಲಿಸಿದ್ದೇನೆ. ಮಳೆ ಹಿಡಿದು, ಒಂದೆರಡು ದಿನ ಹೊಳವಾದಾಗ ಸ್ವಲ್ಪ ಸ್ವಲ್ಪ ಹಾಕುತ್ತೇನೆ.